ಮಲಪ್ರಭೆಯ ಕಣಿವೆಯಲ್ಲಿ ನಾಲ್ಕು ದಿನ: ಚಾಲುಕ್ಯರ ನೆಲವನ್ನು ನಿಧಾನವಾಗಿ ನೋಡುವ ಬಗೆ

ಬಾದಾಮಿ, ಐಹೊಳೆ, ಪಟ್ಟದಕಲ್ಲು ಎಂಬ ಮೂರು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ಕನ್ನಡಿಗರಿಗೆ ಶಾಲೆಯ ದಿನಗಳಿಂದಲೂ ರೂಢಿಯಾಗಿರುವುದರಿಂದ, ಮೂರನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸಬಹುದೆಂಬ ಎಣಿಕೆಯೂ ಅದರೊಂದಿಗೇ ಬೆಳೆದುಬಂದಿದೆ. ಬೆಳಿಗ್ಗೆ ಹುಬ್ಬಳ್ಳಿಯಿಂದಲೋ ಹೊಸಪೇಟೆಯಿಂದಲೋ ಹೊರಟ ವಾಹನವು ಹೊತ್ತೇರಿದ ಮೇಲೆ ಬಾದಾಮಿಯ ಗುಹೆಗಳ ಬುಡದಲ್ಲಿ ನಿಲ್ಲುತ್ತದೆ, ನಡುಹಗಲಿನ ಬಿಸಿಲಿನಲ್ಲಿ ಪಟ್ಟದಕಲ್ಲಿನ ಅಂಗಳವನ್ನು ದಾಟಿಸುತ್ತದೆ, ಇಳಿಹೊತ್ತಿಗೆ ಐಹೊಳೆಯ ದುರ್ಗ ದೇವಾಲಯವನ್ನು ಒಂದು ಸುತ್ತು ಹಾಕಿಸಿ ಹಿಂದಿರುಗುತ್ತದೆ. ಇಂತಹ ಪ್ರವಾಸದಲ್ಲಿ ಹೆಸರಾಂತ ಕಟ್ಟಡಗಳೆಲ್ಲ ಕಣ್ಣಿಗೆ ಬೀಳುತ್ತವೆಯಾದರೂ, ಅವು ಈ ನೆಲದಲ್ಲಿಯೇ ಏಕೆ ಹುಟ್ಟಿದವು, ಒಂದರಿಂದ ಇನ್ನೊಂದು ಏನನ್ನು ಕಲಿತಿತು, ಕಟ್ಟಿದವರು ಯಾರು ಎಂಬ ಪ್ರಶ್ನೆಗಳು ಮನಸ್ಸಿನಲ್ಲಿ ಮೂಡುವಷ್ಟರಲ್ಲಿ ವಾಹನ ಹೊರಟಿರುತ್ತದೆ. ಒಂದೇ ನದಿ, ಒಂದೇ ಬಗೆಯ ಕಲ್ಲು ಮತ್ತು ಒಂದೇ ಅರಸುಮನೆತನ ಸುಮಾರು ಎರಡು ಶತಮಾನಗಳ ಕಾಲ ಕೂಡಿ ರೂಪಿಸಿದ ಈ ಕಣಿವೆಗೆ ಕನಿಷ್ಠ ನಾಲ್ಕು ದಿನಗಳನ್ನು ಕೊಡಬೇಕು, ಬಾದಾಮಿಯಲ್ಲಿಯೇ ತಂಗಬೇಕು, ದಿನದ ವೇಳಾಪಟ್ಟಿಯನ್ನು ಬಿಸಿಲು ಬೆಳಕುಗಳ ಚಲನೆಗೆ ಹೊಂದಿಸಿಕೊಳ್ಳಬೇಕು ಎಂಬುದು ಈ ಬರಹದ ವಾದವಾಗಿದೆ.

ನೆಲದ ಸ್ವರೂಪವನ್ನು ಮೊದಲು ತಿಳಿದುಕೊಂಡು ಹೊರಡುವುದು ಪ್ರವಾಸಿಗನಿಗೆ ಹೆಚ್ಚು ಉಪಯುಕ್ತ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಅಂದರೆ ಸಹ್ಯಾದ್ರಿಯ ಮಳೆನಾಡಿನಲ್ಲಿ ಹುಟ್ಟುವ ಮಲಪ್ರಭಾ ನದಿಯು ಪೂರ್ವಾಭಿಮುಖವಾಗಿ ಹರಿಯುತ್ತ ಬಯಲುಸೀಮೆಗೆ ಇಳಿದು, ಸವದತ್ತಿಯ ಬಳಿಯ ನವಿಲುತೀರ್ಥದ ಅಣೆಕಟ್ಟನ್ನು ದಾಟಿ, ಬಾದಾಮಿಯ ಸುತ್ತಲಿನ ಮರಳುಗಲ್ಲಿನ ಗುಡ್ಡಗಳ ನಡುವೆ ದಾರಿ ಮಾಡಿಕೊಂಡು, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮರಳಿನ ಕಣಗಳು ಪದರಪದರವಾಗಿ ಕೂಡಿ ಕೋಟ್ಯಂತರ ವರ್ಷಗಳಲ್ಲಿ ಗಟ್ಟಿಯಾದ ಶಿಲೆಗೆ ಮರಳುಗಲ್ಲು ಎಂದು ಹೆಸರು. ಅದರಲ್ಲಿ ಬೆರೆತ ಕಬ್ಬಿಣದ ಅಂಶದಿಂದಾಗಿ ಇಲ್ಲಿನ ಬಂಡೆಗಳಿಗೆ ಕೆಂಪು ಬಣ್ಣ ಬಂದಿದೆ. ಗ್ರಾನೈಟಿನಷ್ಟು ಗಡುಸಲ್ಲದ ಈ ಕಲ್ಲು ಉಳಿಯ ಪೆಟ್ಟಿಗೆ ಮಣಿಯುತ್ತದೆ, ಪದರಗಳ ಗುಂಟ ಚಪ್ಪಡಿಗಳಾಗಿ ಏಳುತ್ತದೆ, ಆದರೂ ಸಾವಿರದ ನಾನೂರು ವರ್ಷಗಳ ಗಾಳಿಮಳೆಗೆ ಮುಖದ ಗೆರೆಗಳನ್ನು ಉಳಿಸಿಕೊಳ್ಳುವಷ್ಟು ಬಿಗಿಯಾಗಿಯೂ ಇದೆ. ಗುಹೆಯನ್ನು ಕೊರೆಯುವುದಕ್ಕೂ ಕಲ್ಲನ್ನು ಎಬ್ಬಿಸಿ ಗುಡಿ ಕಟ್ಟುವುದಕ್ಕೂ ಒಂದೇ ನೆಲದಲ್ಲಿ ಅನುಕೂಲ ಒದಗಿದ್ದರಿಂದಲೇ ಬಾದಾಮಿಯ ಚಾಲುಕ್ಯರ ಕಾಲದ ಶಿಲ್ಪಿಗಳು ಎರಡು ದಾರಿಗಳನ್ನೂ ಒಟ್ಟಿಗೆ ಪರೀಕ್ಷಿಸಲು ಸಾಧ್ಯವಾಯಿತು. ಪಟ್ಟದಕಲ್ಲಿನ ಆಸುಪಾಸಿನ ಗುಡ್ಡಗಳಲ್ಲಿ ಅವರು ಕಲ್ಲು ಎಬ್ಬಿಸಿದ ಜಾಗಗಳು ಇಂದಿಗೂ ಗುರುತಿಗೆ ಸಿಗುತ್ತವೆ.

ಪ್ರಯಾಣದ ಕಾಲವನ್ನು ನಿರ್ಧರಿಸುವುದು ಕಷ್ಟದ ಕೆಲಸವಲ್ಲ. ಬೇಸಿಗೆಯಲ್ಲಿ ಇಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರುವುದರಿಂದಲೂ, ಕಾದ ಬಂಡೆ ಸಂಜೆಯವರೆಗೂ ಬಿಸಿಯನ್ನು ಉಗುಳುತ್ತಲೇ ಇರುವುದರಿಂದಲೂ, ಮಾರ್ಚ್ ನಡುವಿನಿಂದ ಮೇ ಕೊನೆಯವರೆಗಿನ ಅವಧಿಯನ್ನು ಬಿಡುವುದೇ ಲೇಸು. ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ತಿಂಗಳುಗಳು ನಡಿಗೆಗೆ ಹಿತಕರವಾಗಿರುತ್ತವೆ. ಅವುಗಳಲ್ಲಿಯೂ ಮಳೆ ಮುಗಿದು ಬಾದಾಮಿಯ ಕೆರೆಯಾದ ಅಗಸ್ತ್ಯತೀರ್ಥ ತುಂಬಿರುವ, ಜೋಳದ ಹೊಲಗಳು ಹಸಿರಾಗಿರುವ ನವೆಂಬರ್ ಅತ್ಯುತ್ತಮ. ಡಿಸೆಂಬರ್ ಮತ್ತು ಜನವರಿಯಲ್ಲಿ ನಾಡಿನ ಎಲ್ಲ ಕಡೆಯಿಂದಲೂ ಶಾಲಾ ಮಕ್ಕಳ ಪ್ರವಾಸದ ಬಸ್ಸುಗಳು ಬರುವುದರಿಂದ ಗುಹೆಗಳಲ್ಲಿ ಶಾಂತವಾಗಿ ನಿಲ್ಲಬಯಸುವವರು ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕಾಗುತ್ತದೆ. ಪುಷ್ಯ ಮಾಸದ ಹುಣ್ಣಿಮೆಯಾದ ಬನದ ಹುಣ್ಣಿಮೆಯಂದು ಬಾದಾಮಿಗೆ ಸುಮಾರು 5 ಕಿಲೋಮೀಟರ್ ದೂರದ ಬನಶಂಕರಿಯಲ್ಲಿ ತೇರು ಎಳೆಯುತ್ತಾರೆ, ಅದರ ಬೆನ್ನಿಗೆ ವಾರಗಟ್ಟಲೆ ಜಾತ್ರೆ ನಡೆಯುತ್ತದೆ. ಆ ದಿನಗಳಲ್ಲಿ ಊರಿನಲ್ಲಿ ಕೋಣೆ ಸಿಗುವುದು ದುರ್ಲಭವಾದರೂ, ವೃತ್ತಿ ನಾಟಕ ಕಂಪನಿಗಳು ಒಂದರ ಪಕ್ಕ ಒಂದು ಡೇರೆ ಹಾಕಿ ಇರುಳೆಲ್ಲ ನಾಟಕವಾಡುವ ಇಂತಹ ಜಾತ್ರೆ ಉತ್ತರ ಕರ್ನಾಟಕದ ಬದುಕನ್ನು ತಿಳಿಯಬಯಸುವವರಿಗೆ ಗುಹೆಗಳಷ್ಟೇ ಮುಖ್ಯವಾದುದು. ತಿಂಗಳುಗಳ ಮೊದಲೇ ವಸತಿಯನ್ನು ಗೊತ್ತುಪಡಿಸಿಕೊಂಡವರು ಎರಡನ್ನೂ ಒಟ್ಟಿಗೆ ನೋಡಬಹುದು.

ಗದಗಿನಿಂದ ವಿಜಯಪುರದ ಮೂಲಕ ಹುಟಗಿಗೆ ಹೋಗುವ ರೈಲು ಮಾರ್ಗದಲ್ಲಿ ಬಾದಾಮಿ ನಿಲ್ದಾಣವಿದೆ. ನಿಲ್ದಾಣದಿಂದ ಊರು ಸುಮಾರು 5 ಕಿಲೋಮೀಟರ್ ದೂರದಲ್ಲಿರುವುದರಿಂದ ನಸುಕಿನಲ್ಲಿ ಇಳಿಯುವವರು ಆಟೋ ಅಥವಾ ಟಂಟಂಗೆ ಕಾಯಬೇಕಾಗಬಹುದು. ವಿಮಾನದಲ್ಲಿ ಬರುವವರಿಗೆ ಹುಬ್ಬಳ್ಳಿ ಹತ್ತಿರದ ನಿಲ್ದಾಣ. ಅಲ್ಲಿಂದ ರಸ್ತೆಯ ದಾರಿ 100 ಕಿಲೋಮೀಟರಿಗಿಂತ ತುಸು ಹೆಚ್ಚು. ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿಲೋಮೀಟರ್, ಅಲ್ಲಿಂದ ಐಹೊಳೆಗೆ ಇನ್ನೂ 13 ಕಿಲೋಮೀಟರಿನಷ್ಟು. ಸಾರಿಗೆ ಸಂಸ್ಥೆಯ ಬಸ್ಸುಗಳು ಈ ದಾರಿಯಲ್ಲಿ ಓಡಾಡುತ್ತವೆಯಾದರೂ ಐಹೊಳೆಯ ಕಡೆಗೆ ಅವುಗಳ ಸಂಖ್ಯೆ ಕಡಿಮೆಯಿರುವುದರಿಂದ, ಆ ಒಂದು ದಿನಕ್ಕೆ ಮಾತ್ರ ಬಾದಾಮಿಯಲ್ಲಿ ಬಾಡಿಗೆ ವಾಹನವನ್ನು ಗೊತ್ತುಮಾಡಿಕೊಂಡು, ಉಳಿದ ದಿನಗಳನ್ನು ಬಸ್ಸಿನಲ್ಲಿಯೂ ಕಾಲ್ನಡಿಗೆಯಲ್ಲಿಯೂ ಕಳೆಯುವುದು ಸೂಕ್ತ. ಬಾದಾಮಿ ಮತ್ತು ಐಹೊಳೆಗಳಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆಯೆಂಬುದನ್ನು ದಿನಗಳನ್ನು ಹಂಚುವಾಗಲೇ ಗಮನದಲ್ಲಿಡಬೇಕು.

ಮೊದಲ ದಿನವನ್ನು ಬಾದಾಮಿಯ ದಕ್ಷಿಣದ ಗುಡ್ಡಕ್ಕೆ ಮೀಸಲಿಡುವುದು ಯುಕ್ತ. ಅಲ್ಲಿ ಕೊರೆದಿರುವ ನಾಲ್ಕು ಗುಹೆಗಳಲ್ಲಿ ಮೊದಲನೆಯದು ಶಿವನಿಗೆ, ಎರಡನೆಯದು ಮತ್ತು ಮೂರನೆಯದು ವಿಷ್ಣುವಿಗೆ, ನಾಲ್ಕನೆಯದು ಜೈನ ತೀರ್ಥಂಕರರಿಗೆ ಸಂಬಂಧಿಸಿದವು. ಮೆಟ್ಟಿಲು ಹತ್ತಿದ ಕೂಡಲೇ ಎದುರಾಗುವ ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನ ಮುಂದೆ ಎಲ್ಲರೂ ನಿಂತುಬಿಡುತ್ತಾರೆ. ಅಲ್ಲಿಯ ಗುಂಪನ್ನು ದಾಟಿ ನೇರವಾಗಿ ಮೂರನೆಯ ಗುಹೆಗೆ ಹತ್ತಿ, ಅದನ್ನು ಮುಗಿಸಿಕೊಂಡು ಇಳಿಯುತ್ತ ಉಳಿದವನ್ನು ನೋಡುವ ಕ್ರಮ ಹೆಚ್ಚು ಫಲದಾಯಕ. ಇದಕ್ಕೆ ಕಾರಣವಿದೆ. ಶಕ ವರ್ಷ 500ರ, ಎಂದರೆ ಕ್ರಿ.ಶ. 578ರ ಶಾಸನವೊಂದು ಈ ಗುಹೆಯಲ್ಲಿದ್ದು, ಒಂದನೆಯ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷದಲ್ಲಿ ಅವನ ತಮ್ಮ ಮಂಗಳೇಶನು ಇದನ್ನು ವಿಷ್ಣುವಿಗಾಗಿ ಮಾಡಿಸಿದನೆಂದು ಹೇಳುತ್ತದೆ. ಕಾಲ, ಕಾರಣ, ಮಾಡಿಸಿದವನ ಹೆಸರು ಮೂರೂ ಖಚಿತವಾಗಿ ಗೊತ್ತಿರುವ ಈ ಗುಹೆಯೇ ಕಣಿವೆಯ ಉಳಿದ ಕೃತಿಗಳ ಕಾಲವನ್ನು ಅಳೆಯಲು ವಿದ್ವಾಂಸರಿಗೆ ಆಧಾರವಾಗಿದೆ; ಪ್ರವಾಸಿಗನ ನೋಟಕ್ಕೂ ಅದೇ ಆಧಾರವಾಗಬಲ್ಲದು. ಇಲ್ಲಿಯೇ ಮಂಗಳೇಶನ ಕನ್ನಡ ಶಾಸನವೂ ಇದ್ದು, ದೇವರಿಗೆ ಹೂಮಾಲೆ ಕಟ್ಟುವವರಿಗೆ ಸಲ್ಲಬೇಕಾದ ಪಾಲನ್ನು ಅದು ನೆನೆಯುತ್ತದೆ. ಅರಸನ ಹೆಸರಿನ ಪಕ್ಕದಲ್ಲಿಯೇ ಹೂಗಾರರ ಅನ್ನದ ಮಾತು ಕಲ್ಲಿನಲ್ಲಿ ಉಳಿದುಕೊಂಡಿರುವುದು, ಅದೂ ಕನ್ನಡದಲ್ಲಿ ಉಳಿದುಕೊಂಡಿರುವುದು, ಓದಿದವರ ಮನಸ್ಸನ್ನು ತಟ್ಟದೆ ಇರಲಾರದು.

ಗುಹೆಗಳು ಉತ್ತರ ದಿಕ್ಕಿಗೆ ತೆರೆದುಕೊಂಡಿರುವುದರಿಂದ ನೇರ ಬಿಸಿಲು ಒಳಕ್ಕೆ ನುಗ್ಗುವುದು ಕಡಿಮೆ. ಹೊರಗಿನ ನೆಲದಿಂದಲೂ ಎದುರು ಬಂಡೆಯಿಂದಲೂ ಮರಳಿ ಬರುವ ತಿಳಿಬೆಳಕಿನಲ್ಲಿಯೇ ಅನಂತನ ಸುರುಳಿಯ ಮೇಲೆ ಕುಳಿತ ವಿಷ್ಣು, ಕಾಲೆತ್ತಿದ ತ್ರಿವಿಕ್ರಮ, ನಿಂತ ನರಸಿಂಹ, ಭೂದೇವಿಯನ್ನು ಎತ್ತಿಹಿಡಿದ ವರಾಹ ಇವರೆಲ್ಲ ಕಾಣಬೇಕು. ಈ ಬೆಳಕಿಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಗುವುದರಿಂದ, ಬಂದವರು ಹದಿನೈದು ನಿಮಿಷವಾದರೂ ಸುಮ್ಮನೆ ಕುಳಿತುಕೊಳ್ಳುವುದು ಒಳ್ಳೆಯದು. ಆಗ ಕಂಬದ ಮೇಲ್ತುದಿಯಲ್ಲಿ ಬಾಗಿ ಚಾವಣಿಯನ್ನು ಹೊತ್ತ ಮದನಿಕೆಯರೂ ದಂಪತಿಗಳೂ ಒಬ್ಬೊಬ್ಬರಾಗಿ ಹೊರಬರುತ್ತಾರೆ, ಚಾವಣಿಯ ಅಂಚಿನಲ್ಲಿ ಒಂದು ಕಾಲದ ವರ್ಣಚಿತ್ರಗಳ ಮಾಸಿದ ಗುರುತುಗಳೂ ಗೋಚರವಾಗುತ್ತವೆ. ತಿನಿಸಿನ ಚೀಲವನ್ನು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಬಾರದು. ಬಾದಾಮಿಯ ಮಂಗಗಳು ಅದನ್ನು ಕಸಿಯುವುದರಲ್ಲಿ ಪಳಗಿವೆ, ಬೆದರಿದ ಮಕ್ಕಳೂ ವಯಸ್ಸಾದವರೂ ಕಡಿದಾದ ಮೆಟ್ಟಿಲುಗಳಲ್ಲಿ ಎಡವುವ ಅಪಾಯವಿದೆ.

ಗುಹೆಗಳಿಂದ ಕಾಣುವ ಕೆರೆಗೆ ಅಗಸ್ತ್ಯತೀರ್ಥವೆಂದು ಹೆಸರು. ಅದರ ಉತ್ತರ ದಡದ ಗುಡ್ಡವನ್ನು ಬಹುಮಂದಿ ದೂರದಿಂದಲೇ ನೋಡಿ ತೃಪ್ತರಾಗುವುದು ದೊಡ್ಡ ನಷ್ಟ. ವಸ್ತುಸಂಗ್ರಹಾಲಯದ ಬಳಿಯಿಂದ ಬಂಡೆಗಳ ಸೀಳಿನ ನಡುವೆ ಏರುವ ದಾರಿಯು ಕೆಳ ಶಿವಾಲಯ, ಮೇಲಣ ಶಿವಾಲಯಗಳಿಗೆ ಕರೆದೊಯ್ಯುತ್ತದೆ. ತುಸು ಬೇರೆಯಾಗಿ, ಹೆಬ್ಬಂಡೆಯೊಂದರ ನೆತ್ತಿಯ ಮೇಲೆ ಮಾಲೆಗಿತ್ತಿ ಶಿವಾಲಯ ನಿಂತಿದೆ. ಒಂದನೆಯ ಪುಲಕೇಶಿಯು ಶಕ ವರ್ಷ 465ರಲ್ಲಿ, ಅಂದರೆ ಕ್ರಿ.ಶ. 543ರಲ್ಲಿ, ಈ ಗುಡ್ಡವನ್ನು ಕೋಟೆಯಾಗಿ ಮಾಡಿದನೆಂಬ ಸಂಸ್ಕೃತ ಶಾಸನ ಬಾದಾಮಿಯ ಬಂಡೆಯ ಮೇಲೆಯೇ ಇದೆ. ವಾತಾಪಿ, ಎಂದರೆ ಅಂದಿನ ಬಾದಾಮಿ, ರಾಜಧಾನಿಯಾದ ಕತೆಯ ಮೊದಲ ದಾಖಲೆ ಅದು. ಒಂದು ಶತಮಾನ ಕಳೆದ ಮೇಲೆ, 642ರಲ್ಲಿ, ಪಲ್ಲವ ನರಸಿಂಹವರ್ಮನು ಇದೇ ಕೋಟೆಯನ್ನು ಗೆದ್ದು ವಾತಾಪಿಕೊಂಡನೆಂದು ಬಿರುದು ಧರಿಸಿದನು, ಅವನ ಶಾಸನವೂ ಇಲ್ಲಿಯ ಬಂಡೆಯಲ್ಲಿ ಸವೆದು ಉಳಿದಿದೆ. ಗೆದ್ದವರ ಬರಹವೂ ಸೋತವರ ಬರಹವೂ ಒಂದೇ ಊರಿನ ಕಲ್ಲಿನಲ್ಲಿ ಸಿಗುವ ಇಂತಹ ಜಾಗಗಳು ನಾಡಿನಲ್ಲಿ ಹೆಚ್ಚಿಲ್ಲ.

ಕೆರೆಯ ಈಶಾನ್ಯದ ಕಡೆಗೆ, ತಟ್ಟುಕೋಟೆಯ ಬಳಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕ್ರಿ.ಶ. 700ರ ಸುಮಾರಿನದೆಂದು ವಿದ್ವಾಂಸರು ಹೇಳುವ ಈ ಬರಹದಲ್ಲಿ ತ್ರಿಪದಿಗಳಿವೆ. ತ್ರಿಪದಿಯೆಂದರೆ ಮೂರು ಸಾಲುಗಳ ಅಚ್ಚಗನ್ನಡ ಛಂದಸ್ಸು, ಹಳ್ಳಿಯ ಬೀಸುವ ಪದಗಳಲ್ಲಿಯೂ ಸರ್ವಜ್ಞನ ವಚನಗಳಲ್ಲಿಯೂ ಕನ್ನಡಿಗರು ಕೇಳುತ್ತ ಬಂದದ್ದು. ಅರಸನಲ್ಲದ ಒಬ್ಬ ವ್ಯಕ್ತಿಯ ಸ್ವಭಾವವನ್ನು, ಸಜ್ಜನರಿಗೆ ಒಳ್ಳೆಯವನೂ ಕೆಣಕಿದವರಿಗೆ ಕಠಿಣನೂ ಆಗಿದ್ದ ಅವನ ಬಾಳನ್ನು ಕೆಲವೇ ಸಾಲುಗಳಲ್ಲಿ ಹಿಡಿದಿಟ್ಟ ಈ ಶಾಸನವನ್ನು ನೋಡಲು ದೂರದಿಂದ ಬಂದವರು ದಾರಿ ಕೇಳಬೇಕಾಗುತ್ತದೆ. ಊರಿನವರು ಸಂತೋಷದಿಂದ ತೋರಿಸುತ್ತಾರೆ. ಅಚ್ಚಿನಲ್ಲಿರುವ ಪಾಠವನ್ನು ಮೊದಲೇ ಬರೆದುಕೊಂಡು ಹೋಗಿ, ಅಕ್ಷರಗಳನ್ನು ಕಲ್ಲಿನೊಂದಿಗೆ ಒಂದೊಂದಾಗಿ ಹೊಂದಿಸಿ ನೋಡಿದರೆ, ಹಳಗನ್ನಡ ಬಾರದವರಿಗೂ ಕೆಲವು ಪದಗಳಾದರೂ ಗುರುತಾಗುತ್ತವೆ. ಸಂಜೆಯ ಹೊತ್ತಿಗೆ ಕೆರೆಯ ಪೂರ್ವದ ತುದಿಗೆ ಬಂದು, ನೀರಿನ ಕಡೆಗೆ ಚಾಚಿದ ಮಂಟಪವಿರುವ ಭೂತನಾಥ ದೇವಾಲಯದ ಬಳಿ ಕುಳಿತುಕೊಳ್ಳಬೇಕು. ಪಡುವಣ ಸೂರ್ಯನ ಬೆಳಕು ನೇರವಾಗಿ ಬೀಳುವ ಆ ಗಳಿಗೆಯಲ್ಲಿ ಗುಡ್ಡಗಳ ಕೆಂಪು ಅತ್ಯಂತ ಗಾಢವಾಗಿರುತ್ತದೆ.

ಎರಡನೆಯ ದಿನದ ಯೋಜನೆಯಲ್ಲಿ ಮಹಾಕೂಟವನ್ನು ಸೇರಿಸುವವರು ಕಡಿಮೆ. ರಸ್ತೆಯಲ್ಲಿ ಹೋದರೆ ಪಟ್ಟದಕಲ್ಲಿನ ದಾರಿಯಿಂದ ಒಳಕ್ಕೆ ತಿರುಗಬೇಕು, ಆದರೆ ಬಾದಾಮಿಯಿಂದ ಗುಡ್ಡವನ್ನು ಹತ್ತಿಳಿದು ಹೋಗುವ ಹಳೆಯ ಕಾಲುದಾರಿಯೂ ಇದ್ದು, ದಾರಿ ಬಲ್ಲ ಸ್ಥಳೀಯರೊಬ್ಬರನ್ನು ಜೊತೆಗಿಟ್ಟುಕೊಂಡು ನಸುಕಿನಲ್ಲಿ ಹೊರಟವರು ಬಿಸಿಲೇರುವ ಮೊದಲು ತಲುಪಬಹುದು. ಕುರುಚಲು ಕಾಡು, ಬಂಡೆಯ ಹಾಸು, ಕುರಿಗಾಹಿಗಳ ಜಾಡು ಇವುಗಳನ್ನು ದಾಟಿ ಇಳಿದಾಗ ಹಠಾತ್ತಾಗಿ ಎದುರಾಗುವ ದೊಡ್ಡ ಮರಗಳ ನೆರಳು ಮತ್ತು ಬುಗ್ಗೆಯ ನೀರಿನಿಂದ ತುಂಬಿದ ಪುಷ್ಕರಣಿ, ಈ ಜಾಗವನ್ನು ಚಾಲುಕ್ಯರು ಏಕೆ ಪವಿತ್ರವೆಂದು ಎಣಿಸಿದರು ಎಂಬುದನ್ನು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ತಿಳಿಸುತ್ತವೆ. ನೀರು ಅಪರೂಪವಾದ ಒಣನೆಲದಲ್ಲಿ ಬತ್ತದ ಸೆಲೆಯೊಂದು ದೈವದಂತೆ ಕಂಡದ್ದು ಸಹಜವೇ ಆಗಿದೆ. ಒಂದನೆಯ ಪುಲಕೇಶಿಯ ರಾಣಿ ದುರ್ಲಭದೇವಿಯ ದತ್ತಿಯನ್ನು ದಾಖಲಿಸಿ, ಮಂಗಳೇಶನ ಕಾಲದಲ್ಲಿ ಇಲ್ಲಿ ನಿಲ್ಲಿಸಲಾದ ಶಾಸನಸ್ತಂಭವು ಈಗ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಇಂದಿಗೂ ಪೂಜೆ ನಡೆಯುವ ಕ್ಷೇತ್ರವಾದ್ದರಿಂದ ಪುಷ್ಕರಣಿಯಲ್ಲಿ ಸ್ನಾನ ಮಾಡುವವರೂ, ಬುತ್ತಿ ಬಿಚ್ಚಿ ಊಟಕ್ಕೆ ಕುಳಿತ ಕುಟುಂಬಗಳೂ ಸದಾ ಇರುತ್ತಾರೆ. ಸ್ಮಾರಕವೆಂಬ ಭಾವಕ್ಕಿಂತ ದೇವರ ಮನೆಯೆಂಬ ಭಾವದಿಂದ ಒಳಗೆ ಹೆಜ್ಜೆಯಿಡುವುದು ಹೊರಗಿನಿಂದ ಬಂದವರ ಕರ್ತವ್ಯ.

ಅದೇ ದಿನದ ಮಧ್ಯಾಹ್ನ ಬನಶಂಕರಿಗೆ ಹೋದರೆ ಹರಿದ್ರಾತೀರ್ಥದ ಹೊಂಡದ ಸುತ್ತಲಿನ ಕಲ್ಲಿನ ಸಾಲುಮಂಟಪವನ್ನೂ ನೋಡಬಹುದು, ಹಸಿವನ್ನೂ ನೀಗಿಸಿಕೊಳ್ಳಬಹುದು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಹೊತ್ತು ತರುವ ಜೋಳದ ರೊಟ್ಟಿ, ಕೆಂಪು ಚಟ್ನಿ, ಪಲ್ಯ, ಗಟ್ಟಿ ಮೊಸರು ಇವುಗಳನ್ನು ಮರದ ಕೆಳಗೆ ಕುಳಿತು ತಿನ್ನುವ ಸುಖ ಹೋಟೆಲಿನ ಊಟಕ್ಕೆ ಬರುವುದಿಲ್ಲ. ಆ ಹಣವೂ ನೇರವಾಗಿ ದುಡಿದವರ ಕೈ ಸೇರುತ್ತದೆ. ಬಾದಾಮಿಗೆ ಸಮೀಪದ ಗುಳೇದಗುಡ್ಡದ ನೇಕಾರರು ಕುಪ್ಪಸದ ಬಟ್ಟೆಯಾದ ಖಣವನ್ನು ನೇಯುತ್ತಾರೆ, ಅದೇ ಜಿಲ್ಲೆಯ ಇಳಕಲ್ಲಿನಲ್ಲಿ ಕೆಂಪು ಸೆರಗಿನ ಸೀರೆ ನೇಯುತ್ತಾರೆ. ಎರಡಕ್ಕೂ ಕೈಮಗ್ಗದ ಹಳೆಯ ಪರಂಪರೆಯಿದೆ. ಅರ್ಧ ದಿನವನ್ನು ಗುಳೇದಗುಡ್ಡದ ಮಗ್ಗದ ಮನೆಗಳಿಗೆ ಕೊಡಬಲ್ಲವರು ಖಣವನ್ನು ನೇಯ್ದವರಿಂದಲೇ ಕೊಳ್ಳಲಿ.

ಮೂರನೆಯ ದಿನ ಐಹೊಳೆ. ಈ ಊರನ್ನು ಭಾರತೀಯ ದೇವಾಲಯ ವಾಸ್ತುವಿನ ತೊಟ್ಟಿಲೆಂದು ಕರೆಯುವುದು ವಾಡಿಕೆ. ಲಾಡಖಾನ ಗುಡಿಯನ್ನು 5ನೆಯ ಶತಮಾನದ್ದೆಂದೂ, ದೇವಾಲಯವೆಂಬ ಕಟ್ಟಡದ ಮೊದಲ ತೊದಲುನುಡಿಯೆಂದೂ ಹಿಂದಿನ ತಲೆಮಾರಿನ ಇತಿಹಾಸಕಾರರು ಭಾವಿಸಿದ್ದರು, ಪ್ರವಾಸಿ ಮಾರ್ಗದರ್ಶಿಗಳು ಇಂದಿಗೂ ಹಾಗೆಯೇ ಹೇಳುತ್ತಾರೆ. ಆದರೆ ಬಾದಾಮಿಯ ಗುಹೆಗಳ ಖಚಿತ ಕಾಲದೊಂದಿಗೆ ಕಂಬ, ಬಾಗಿಲುವಾಡ, ಅಲಂಕಾರಗಳನ್ನು ಹೋಲಿಸಿದ ನಂತರದ ವಿದ್ವಾಂಸರಲ್ಲಿ ಹೆಚ್ಚಿನವರು ಐಹೊಳೆಯ ಕಟ್ಟಡಗಳನ್ನು 6ನೆಯ ಶತಮಾನದ ಕೊನೆಯಿಂದ 8ನೆಯ ಶತಮಾನದವರೆಗಿನ ಅವಧಿಗೆ ತಂದಿದ್ದಾರೆ. ಈ ಬದಲಾವಣೆ ಪ್ರವಾಸದ ಕ್ರಮದ ಮೇಲೂ ಪರಿಣಾಮ ಬೀರುತ್ತದೆ: ಐಹೊಳೆಯಿಂದ ಆರಂಭಿಸಿ ಪಟ್ಟದಕಲ್ಲಿನಲ್ಲಿ ಮುಗಿಸಿದರೆ ಬಾಲ್ಯದಿಂದ ಪ್ರೌಢಿಮೆಗೆ ನಡೆದಂತಾಗುವುದೆಂಬ ಹಳೆಯ ಸಲಹೆಯು ಸರಳವಾಗಿ ಕೇಳಿಸಿದರೂ ಸತ್ಯದಿಂದ ದೂರವಾಗಿದೆ, ಬಾದಾಮಿಯನ್ನು ಮೊದಲು ಕಂಡವರಿಗೆ ಮಾತ್ರ ಐಹೊಳೆಯ ಪ್ರಯೋಗಗಳು ಯಾವುದಕ್ಕೆ ಉತ್ತರವಾಗಿ ಬಂದವು ಎಂಬುದು ತಿಳಿಯುತ್ತದೆ.

ಪ್ರಯೋಗವೆಂಬ ಮಾತು ಇಲ್ಲಿ ಅಲಂಕಾರವಲ್ಲ. ಒಂದು ನೂರಕ್ಕೂ ಮಿಕ್ಕ ಗುಡಿಗಳಿರುವ ಈ ಊರಿನಲ್ಲಿ, ಇಳಿಜಾರು ಚಪ್ಪಡಿಯ ಮಾಡು ಹೊದೆಸಿದ ಮಂಟಪದಂತಹ ಗುಡಿಗಳೂ, ಉತ್ತರ ಭಾರತದಲ್ಲಿ ಬೆಳೆದ ಬಾಗುಗೆರೆಯ ಶಿಖರವುಳ್ಳ ಗುಡಿಗಳೂ, ದಕ್ಷಿಣದಲ್ಲಿ ಬೆಳೆದ ಅಂತಸ್ತುಗಳ ಶಿಖರವುಳ್ಳ ಗುಡಿಗಳೂ ಒಂದರ ಬದಿಯಲ್ಲಿ ಒಂದು ನಿಂತಿವೆ. ದುರ್ಗ ದೇವಾಲಯದ ಹಿಂಭಾಗವು ಆನೆಯ ಹಿಂಬದಿಯಂತೆ ದುಂಡಾಗಿ ತಿರುಗುವುದರಿಂದ ಅದನ್ನು ಗಜಪೃಷ್ಠಾಕಾರವೆನ್ನುತ್ತಾರೆ. ಬಳಿಯಲ್ಲಿದ್ದ ಕೋಟೆಯಿಂದ ಅದಕ್ಕೆ ಈ ಹೆಸರು ಬಂದಿತೇ ಹೊರತು ದುರ್ಗೆಯಿಂದಲ್ಲ. ಅದರ ಸುತ್ತಲಿನ ಕಂಬಸಾಲಿನ ಪ್ರದಕ್ಷಿಣಾಪಥದಲ್ಲಿ, ಎಂದರೆ ಗರ್ಭಗುಡಿಯನ್ನು ಬಲವಾಗಿ ಸುತ್ತುವ ದಾರಿಯಲ್ಲಿ, ಗೂಡುಗಳೊಳಗೆ ನಿಂತ ದೇವತೆಗಳನ್ನು ಸುತ್ತುತ್ತಲೇ ನೋಡಬೇಕು. ಶಿಲ್ಪಿಯ ಯೋಚನೆಯೂ ಹಾಗೆಯೇ ಇದ್ದಿತು. ಬೇಲಿಯೊಳಗಿನ ಈ ಗುಂಪನ್ನು ನೋಡಿದ ಮೇಲೆ ವಾಹನ ಹತ್ತದೆ, ಊರಿನ ಓಣಿಗಳನ್ನು ಹಿಡಿದು ಹುಚ್ಚಿಮಲ್ಲಿ ಗುಡಿಗೂ, ಸಪ್ತಮಾತೃಕೆಯರ ನಡುವೆ ಕುಣಿಯುವ ಶಿವನಿರುವ ರಾವಣಫಡಿಗೂ, ಹೊಳೆಯ ದಂಡೆಯ ಗಳಗನಾಥ ಗುಂಪಿಗೂ ನಡೆದೇ ಹೋಗಬೇಕು.

ಮೇಗುಟಿ ಗುಡ್ಡವನ್ನು ಮಾತ್ರ ಯಾರೂ ತಪ್ಪಿಸಬಾರದು. ಬೆಟ್ಟದ ಮೇಲಿನ ಈ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿಯು ಶಕ 556ರಲ್ಲಿ, ಅಂದರೆ 634–35ರಲ್ಲಿ ಬರೆಸಿದ ಸಂಸ್ಕೃತ ಪ್ರಶಸ್ತಿಯಿದೆ. ಪ್ರಶಸ್ತಿಯೆಂದರೆ ಅರಸನ ವಂಶವನ್ನೂ ವಿಜಯಗಳನ್ನೂ ಕೊಂಡಾಡುವ ಕಾವ್ಯಮಯ ಶಾಸನ. ಉತ್ತರಾಪಥದ ಹರ್ಷವರ್ಧನನನ್ನು ಇಮ್ಮಡಿ ಪುಲಕೇಶಿ ತಡೆದ ಸಂಗತಿಯನ್ನು ಸಾರುವ, ಕಾಳಿದಾಸ ಮತ್ತು ಭಾರವಿಯರ ಹೆಸರುಗಳನ್ನು ಕಾಲಸಹಿತವಾಗಿ ಉಳಿಸಿಕೊಟ್ಟ ಈ ಒಂದು ಕಲ್ಲು ಭಾರತದ ಸಾಹಿತ್ಯಚರಿತ್ರೆಗೆ ಮಾಡಿದ ಉಪಕಾರ ಬಹಳ ದೊಡ್ಡದು. ಗುಡಿಯ ಹಿಂದಿನ ಬಯಲಿನಲ್ಲಿ ಇತಿಹಾಸಪೂರ್ವ ಕಾಲದ ಕಲ್ಗೋರಿಗಳಿವೆ, ಕೆಳಗಿನ ಇಳಿಜಾರಿನಲ್ಲಿ ಎರಡು ಅಂತಸ್ತಿನ ಬೌದ್ಧ ಗುಹೆಯಿದೆ. ಮೇಲಿನಿಂದ ನೋಡಿದಾಗ ಊರು, ಗುಡಿಗಳು, ಹೊಳೆ ಎಲ್ಲವೂ ಒಟ್ಟಾಗಿ ಕಾಣುವುದರಿಂದ, ಐಹೊಳೆಯು ಒಂದು ಕಾಲಕ್ಕೆ ವಣಿಕರ ಪಟ್ಟಣವಾಗಿದ್ದ ಸಂಗತಿಯನ್ನು ನೆನೆಯಲು ಇದೇ ತಕ್ಕ ಸ್ಥಳ. ಅಯ್ಯಾವೊಳೆ ಐನೂರ್ವರು ಎಂಬ ವ್ಯಾಪಾರಿ ಸಂಘವು ಈ ಊರಿನ ಹೆಸರನ್ನು ಹೊತ್ತು ದಕ್ಷಿಣ ಭಾರತವನ್ನೆಲ್ಲ ಸುತ್ತಿತು. ಸುಮಾತ್ರಾ ದ್ವೀಪದ ಬಾರುಸ್ ಬಳಿ ದೊರೆತ 1088ರ ತಮಿಳು ಶಾಸನವೂ ಐನೂರ್ವರನ್ನು ಹೆಸರಿಸುತ್ತದೆ. ಕಡಲಾಚೆಗೆ ಹೋದ ಪಯಣಿಗರ ತವರು ಇಂದು ಹೊಲಗಳ ನಡುವಿನ ಸಣ್ಣ ಹಳ್ಳಿಯಾಗಿದೆ. ಇಲ್ಲಿ ಊಟ ವಸತಿಗಳ ಅನುಕೂಲ ಅಷ್ಟಾಗಿ ಇಲ್ಲದಿರುವುದರಿಂದ ನೀರು, ಬುತ್ತಿ, ತಲೆಗೆ ಟೊಪ್ಪಿಗೆ ಜೊತೆಗಿರಬೇಕು. ಹತ್ತಿರದ ಅಮೀನಗಡ ಕರದಂಟಿಗೆ ಹೆಸರಾದುದು. ಇನ್ನೂ ಒಂದು ದಿನವಿದ್ದವರು ಆ ದಾರಿಯಲ್ಲಿಯೇ ಮುಂದುವರಿದು ಮಲಪ್ರಭೆಯು ಕೃಷ್ಣೆಯನ್ನು ಕೂಡುವ, ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮವನ್ನು ಕಾಣಬಹುದು.

ಪಟ್ಟದಕಲ್ಲನ್ನು ಕೊನೆಗೆ ಇಟ್ಟುಕೊಳ್ಳಬೇಕು, ಆದರೆ ದಿನದ ಮೊದಲ ಹೊತ್ತಿನಲ್ಲಿ ನೋಡಬೇಕು. 1987ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಗುಡಿಗಳ ಗುಂಪು, ಪೂರ್ವಕ್ಕೆ ಸಾಗುತ್ತ ಬಂದ ಮಲಪ್ರಭೆ ಉತ್ತರಕ್ಕೆ ತಿರುಗುವ ಎಡೆಯಲ್ಲಿದೆ. ಉತ್ತರವಾಹಿನಿಯಾದ ನದಿಯ ದಂಡೆ ಪುಣ್ಯಕರವೆಂಬ ನಂಬಿಕೆ ಈ ಜಾಗದ ಆಯ್ಕೆಗೆ ಕಾರಣವಾಗಿರಬೇಕು. ವಿರೂಪಾಕ್ಷ ದೇವಾಲಯವು ಪೂರ್ವಾಭಿಮುಖವಾಗಿರುವುದರಿಂದ ಬೆಳಗಿನ ಎಳೆಬಿಸಿಲು ನಂದಿಮಂಟಪವನ್ನು ದಾಟಿ ಮುಖಮಂಟಪದ ಒಳಕ್ಕೆ ಬರುತ್ತದೆ, ಅಲ್ಲಿಯ ಚಾವಣಿಯಲ್ಲಿ ರಥವೇರಿದ ಸೂರ್ಯನಿದ್ದಾನೆ. ಒಳಗಿನ ಸಭಾಮಂಟಪಕ್ಕೆ ಬೆಳಕು ಬರುವುದು ಜಾಲಂಧ್ರಗಳಿಂದ, ಎಂದರೆ ಕಲ್ಲಿನಲ್ಲಿಯೇ ವಿನ್ಯಾಸ ಕೊರೆದ ಕಿಟಕಿಗಳಿಂದ. ರಾಮಾಯಣ, ಮಹಾಭಾರತಗಳ ಕತೆಗಳನ್ನು ಪಟ್ಟಿಕೆಗಳಾಗಿ ಬಿಡಿಸಿದ ಕಂಬಗಳನ್ನು ಓದಲು ಬೆಳಗಿನ ಒಂದೆರಡು ತಾಸುಗಳ ಬೆಳಕಿಗೆ ಸಾಟಿಯಿಲ್ಲ. ಹನ್ನೊಂದರ ನಂತರ ಬರುವವರಿಗೆ ಹೊರಗೆ ಕಣ್ಣು ಕೋರೈಸುವ ಬಿಸಿಲು, ಒಳಗೆ ಬರಿಯ ಕತ್ತಲು.

ಇಮ್ಮಡಿ ವಿಕ್ರಮಾದಿತ್ಯನು ಪಲ್ಲವರ ಕಂಚಿಯನ್ನು ಗೆದ್ದ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿಯು 8ನೆಯ ಶತಮಾನದ ನಡುಭಾಗದಲ್ಲಿ ಈ ವಿರೂಪಾಕ್ಷವನ್ನು ಕಟ್ಟಿಸಿದಳು; ಅವಳ ತಂಗಿ, ಅದೇ ಅರಸನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯು ಪಕ್ಕದ ಮಲ್ಲಿಕಾರ್ಜುನವನ್ನು ಕಟ್ಟಿಸಿದಳು. ಕಟ್ಟಿದ ಸೂತ್ರಧಾರರ, ಎಂದರೆ ಮುಖ್ಯ ವಾಸ್ತುಶಿಲ್ಪಿಗಳ, ಹೆಸರುಗಳನ್ನೂ ಶಾಸನಗಳು ಉಳಿಸಿವೆ: ಅನಿವಾರಿತಾಚಾರಿ ಗುಂಡ ಮತ್ತು ಸರ್ವಸಿದ್ಧಿ ಆಚಾರಿ. ಗಾಯಕರಿಗೆ ಹಿಂದಿನಿಂದ ಸಲ್ಲುತ್ತಿದ್ದ ಹಕ್ಕುಗಳನ್ನು ಲೋಕಮಹಾದೇವಿ ಸ್ಥಿರಪಡಿಸಿದ ಸಂಗತಿಯೂ ಇಲ್ಲಿ ಬರಹದಲ್ಲಿದೆ. ಹೆಂಗಸರು ಮಾಡಿಸಿದ, ಕುಶಲಕರ್ಮಿಗಳ ಹೆಸರನ್ನು ಗೌರವದಿಂದ ಕೆತ್ತಿದ, ಹಾಡುವವರನ್ನು ಮರೆಯದ ಈ ಕಟ್ಟಡವು ವಿಜಯದ ಗುರುತಾಗಿ ಹುಟ್ಟಿದರೂ ವಿಜಯಕ್ಕಿಂತ ದೊಡ್ಡದಾಗಿ ಬೆಳೆದಿದೆ. ಬಾಗುಗೆರೆಯ ಶಿಖರದ ಗಳಗನಾಥ, ಕಾಶಿವಿಶ್ವನಾಥ ಗುಡಿಗಳು ಇದೇ ಅಂಗಳದಲ್ಲಿರುವುದರಿಂದ ಉತ್ತರದ ಮತ್ತು ದಕ್ಷಿಣದ ಶೈಲಿಗಳ ವ್ಯತ್ಯಾಸವನ್ನು ನಿಂತಲ್ಲಿಯೇ ತಿರುಗಿ ನೋಡಿ ಕಲಿಯಬಹುದು. ಗುಂಪಿನಿಂದ ತುಸು ದೂರ, ದಕ್ಷಿಣಕ್ಕಿರುವ ಪಾಪನಾಥ ಗುಡಿಯಲ್ಲಿ ಎರಡೂ ಶೈಲಿಗಳು ಒಂದೇ ಕಟ್ಟಡದಲ್ಲಿ ಸೇರಿವೆ; ಹೊರಗೋಡೆಯ ರಾಮಾಯಣದ ಶಿಲ್ಪಗಳಿಗೆ ಪಾತ್ರಗಳ ಹೆಸರುಗಳನ್ನೂ ಕೆತ್ತಿದ್ದಾರೆ. ಬಂದವರಲ್ಲಿ ಹಲವರು ಅಲ್ಲಿಯವರೆಗೆ ನಡೆಯದೆ ಹಿಂದಿರುಗುತ್ತಾರೆ. ಇಮ್ಮಡಿ ಕೀರ್ತಿವರ್ಮನ ಕಾಲದ ಶಾಸನಸ್ತಂಭವನ್ನೂ ನೋಡದೆ ಬಿಡಬಾರದು: ಒಂದೇ ಸಂಸ್ಕೃತ ಬರಹವನ್ನು ಉತ್ತರದ ಸಿದ್ಧಮಾತೃಕೆ ಲಿಪಿಯಲ್ಲಿಯೂ ಇಲ್ಲಿನ ಕನ್ನಡ ಲಿಪಿಯಲ್ಲಿಯೂ ಕೊರೆಸಲಾಗಿದ್ದು, ಅದನ್ನು ನಿಲ್ಲಿಸಿದ ಜ್ಞಾನಶಿವಾಚಾರ್ಯರು ಗಂಗೆಯ ಉತ್ತರ ದಡದ ನಾಡಿನಿಂದ ಬಂದು ಇಲ್ಲಿ ನೆಲೆಸಿದವರು.

ಮಳೆಗಾಲದ ಪ್ರವಾಸದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಕಣಿವೆಯಲ್ಲಿ ಮಳೆ ಕಡಿಮೆಯಾದರೂ ಸಹ್ಯಾದ್ರಿಯಲ್ಲಿ ಸುರಿದ ನೀರು ಅಣೆಕಟ್ಟು ತುಂಬಿ ಹೊರಬಿದ್ದಾಗ ಇಲ್ಲಿಯ ಹೊಳೆ ಒಮ್ಮೆಲೇ ಏರುತ್ತದೆ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ಪ್ರವಾಹ ನುಗ್ಗಿ, ಊರಿನವರು ಮನೆಗಳನ್ನು ಬಿಡಬೇಕಾಯಿತು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹೊರಡುವವರು ಬಾದಾಮಿಯ ಆಕಾಶವನ್ನು ನೋಡುವುದರ ಜೊತೆಗೆ ನವಿಲುತೀರ್ಥದ ನೀರಿನ ಸುದ್ದಿಯನ್ನೂ ಕೇಳಿಕೊಂಡು ಹೊರಡಬೇಕು. ಯಾವ ಕಾಲದಲ್ಲಿ ಹೋದರೂ ಶಾಸನಗಳ ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ಬಳಿಯುವುದನ್ನು, ನೀರು ಎರಚುವುದನ್ನು, ಕೈಯಿಂದ ಉಜ್ಜುವುದನ್ನು ಬಿಟ್ಟುಬಿಡಬೇಕು. ಬದಿಯಿಂದ ಓರೆಯಾಗಿ ಬೀಳುವ ಬೆಳಗಿನ ಅಥವಾ ಸಂಜೆಯ ಬೆಳಕು ಆ ಕೆಲಸವನ್ನು ಕಲ್ಲಿಗೆ ನೋವಾಗದಂತೆ ಮಾಡಿಕೊಡುತ್ತದೆ.

ಈ ನಾಲ್ಕು ದಿನಗಳ ಮುಂದುವರಿಕೆ ಕರ್ನಾಟಕದ ಹೊರಗಿದೆ. ವಿರೂಪಾಕ್ಷ ದೇವಾಲಯಕ್ಕೆ ಮಾದರಿಯನ್ನು ಒದಗಿಸಿದ್ದೆಂದು ವಿದ್ವಾಂಸರು ಹೇಳುವ ಕೈಲಾಸನಾಥ ದೇವಾಲಯ ಕಂಚಿಯಲ್ಲಿದ್ದು, ಅದರ ಮಂಟಪದ ಕಂಬವೊಂದರ ಮೇಲೆ ಇಮ್ಮಡಿ ವಿಕ್ರಮಾದಿತ್ಯನ ಹಳಗನ್ನಡ ಶಾಸನವಿದೆ. ಗೆದ್ದ ನಗರವನ್ನು ಹಾಳುಮಾಡದೆ, ಆ ದೇವಾಲಯದ ಸಂಪತ್ತನ್ನು ಕಂಡು ದೇವರಿಗೇ ಮರಳಿಸಿದ್ದನ್ನು ಅದು ಹೇಳುತ್ತದೆ. ಪಟ್ಟದಕಲ್ಲನ್ನು ಬೆಳಗಿನ ಬೆಳಕಿನಲ್ಲಿ ಕಂಡವರು ತಮ್ಮ ಮುಂದಿನ ಪ್ರವಾಸವನ್ನು ಅಲ್ಲಿಗೇ ಇಟ್ಟುಕೊಳ್ಳಲಿ. ಚೆನ್ನೈನಿಂದ ಕಂಚಿಗೆ ಇರುವ ದೂರ ಸುಮಾರು 75 ಕಿಲೋಮೀಟರ್.